ಯಂತ್ರ ನಮ್ಮ ನೆಲದಲ್ಲಿ, ಪಾಠ ಪರರಾಜ್ಯದಲ್ಲಿ!

ಕನ್ನಡದ ತರುಣರೇ,

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಹುಟ್ಟಿತು. ಆ ವಿದ್ಯುತ್ ಮೊದಲು ಹೋದದ್ದು ಎಲ್ಲಿಗೆ ಗೊತ್ತೇ? ಪಕ್ಕದ ಮಳವಳ್ಳಿಗಲ್ಲ. ದೂರದ ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಯ ಸೇವೆಗೆ! ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ 1905ರಲ್ಲಿ. ಹಳ್ಳಿಯವನು ಬುಡ್ಡಿ ದೀಪದ ಬೆಳಕಲ್ಲಿ ಮುದ್ದೆ ಉಂಡ. ತಂತಿ ಅವನ ತಲೆಯ ಮೇಲೆ ಹಾದುಹೋಯಿತು.

ಇವತ್ತೂ ಅದೇ ನಾಟಕ. ಈ ಸಲ ತಂತಿಯಲ್ಲಿ ಹರಿಯುತ್ತಿರುವುದು ವಿದ್ಯುತ್ತಲ್ಲ, ಲೆಕ್ಕ.

ಗ್ರಿಡ್ ಕಂಪ್ಯೂಟಿಂಗ್ ಎಂಬ ಹೆಸರು ಹುಟ್ಟಿದ್ದೇ ವಿದ್ಯುತ್ ಗ್ರಿಡ್‌ನಿಂದ. ಸ್ವಿಚ್ಚು ಒತ್ತುವಾಗ ಯಾವ ಅಣೆಕಟ್ಟಿನ ಕರೆಂಟು ಎಂದು ನಾವು ಕೇಳುವುದಿಲ್ಲ. ಹಾಗೆಯೇ ಊರೂರಿನ ಕಂಪ್ಯೂಟರ್‌ಗಳನ್ನು ತಂತಿಯಲ್ಲಿ ಜೋಡಿಸಿ, ದೊಡ್ಡ ಲೆಕ್ಕವನ್ನು ತುಂಡು ಮಾಡಿ ಹಂಚಿ, ಉತ್ತರಗಳನ್ನು ಒಟ್ಟುಗೂಡಿಸುವುದು. ನಮ್ಮ ಹಳ್ಳಿಯ ಮುಯ್ಯಾಳು ಪದ್ಧತಿ ಇನ್ನೇನು? ಇವತ್ತು ನಿನ್ನ ಗದ್ದೆಗೆ ಎಲ್ಲರ ಕೈ, ನಾಳೆ ನನ್ನ ಗದ್ದೆಗೆ. ಜಿನೀವಾದ ಸರ್ನ್ ಪ್ರಯೋಗಾಲಯದ ಕಣಗಳ ಲೆಕ್ಕವನ್ನು ಸುಮಾರು 40 ದೇಶಗಳ 170 ಕೇಂದ್ರಗಳು ಹೀಗೆಯೇ ಹಂಚಿಕೊಂಡು ಮಾಡುತ್ತವೆ. ಮಳೆಯ ಮುನ್ಸೂಚನೆ, ಔಷಧದ ಅಣು, ರಾಗಿ ತಳಿಯ ವಂಶವಾಹಿ, ಇವುಗಳ ಸಂಶೋಧನೆಗೆಲ್ಲ ಈಗ ಈ ವಿದ್ಯೆ ಬೇಕು.

ಈ ವಿದ್ಯೆಯ ದೊಡ್ಡ ಯಂತ್ರಗಳು ಎಲ್ಲಿವೆ? ನಮ್ಮ ನೆಲದಲ್ಲೇ! 2015ರಲ್ಲಿ ಕೇಂದ್ರ ಸರ್ಕಾರ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ನಡೆಸುವ ಹೊಣೆ ಇಬ್ಬರದು: ಪುಣೆಯ ಸಿ-ಡ್ಯಾಕ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಆ ಸಂಸ್ಥೆಗೆ 371 ಎಕರೆ ಕೊಟ್ಟದ್ದು ಮೈಸೂರು ಸಂಸ್ಥಾನ, ನೆನಪಿರಲಿ. 2022ರಲ್ಲಿ ಅಲ್ಲಿ ಪರಮ್ ಪ್ರವೇಗ ಬಂತು. ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಯಂತ್ರ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಪರಮ್ ಯುಕ್ತಿ, ಸಿ-ಡ್ಯಾಕ್‌ನ ಬೆಂಗಳೂರು ಕೇಂದ್ರದಲ್ಲಿ ಪರಮ್ ಉತ್ಕರ್ಷ.

ಸರಿ, ಈ ವಿದ್ಯೆ ಕಲಿಸುವ ಕೇಂದ್ರಗಳು? ಮಿಷನ್ನಿನ ಅಡಿಯಲ್ಲಿ ನಾಲ್ಕು ನೋಡಲ್ ತರಬೇತಿ ಕೇಂದ್ರಗಳನ್ನು ಸ್ಥಾಪಿಸಿದರು. ಖರಗ್‌ಪುರ, ಮದ್ರಾಸ್, ಗೋವಾ, ಪಾಲಕ್ಕಾಡ್‌ನ ಐಐಟಿಗಳಲ್ಲಿ. ಬಂಗಾಳಕ್ಕೊಂದು, ತಮಿಳುನಾಡಿಗೊಂದು, ಗೋವೆಗೊಂದು, ಕೇರಳಕ್ಕೊಂದು. ಕರ್ನಾಟಕಕ್ಕೆ? ಬರಿದಾದ ತಟ್ಟೆ! ಅವರಿಗೆ ಕೊಟ್ಟದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಒಲೆ ನಮ್ಮ ಮನೆಯಲ್ಲಿರುವಾಗ ನಮ್ಮ ಮಕ್ಕಳು ನೆರೆಮನೆಯಲ್ಲಿ ಉಣ್ಣಬೇಕೇ ಎಂಬುದಷ್ಟೇ ಪ್ರಶ್ನೆ.

"ಬೆಂಗಳೂರಿನಲ್ಲಿ ಆಗಾಗ ಕಾರ್ಯಾಗಾರ ನಡೆಯುತ್ತದಲ್ಲ, ಬಾಗಿಲು ತೆರೆದೇ ಇದೆಯಲ್ಲ" ಎನ್ನುವ ದೊಡ್ಡ ಮನುಷ್ಯರಿದ್ದಾರೆ. ಸ್ವಾಮಿ, ಬಾಗಿಲು ಇದ್ದರೆ ಸಾಲದು, ಅಲ್ಲಿಗೆ ದಾರಿ ತೋರಿಸಬೇಕು. ಕಲಬುರಗಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುವ ಹುಡುಗಿ ಒಂದು ಅಣುವಿನ ಲೆಕ್ಕವನ್ನು ವಿಭಾಗದ ಹಳೇ ಕಂಪ್ಯೂಟರಿಗೆ ಹಾಕಿದರೆ ಅದು ದಿನಗಟ್ಟಲೆ ಗೊಣಗುತ್ತದೆ; ಮಧ್ಯೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಲಿನಕ್ಸ್ ಬಳಸುವುದು, ಲೆಕ್ಕವನ್ನು ತುಂಡು ಮಾಡುವುದು, ಸರದಿಯಲ್ಲಿ ಕೆಲಸ ಸಲ್ಲಿಸುವುದು, ಕೆಟ್ಟು ನಿಂತರೆ ನಿಂತಲ್ಲಿಂದಲೇ ಮುಂದುವರಿಸುವುದು, ಇವನ್ನು ಕಲಿಸಿದರೆ ಆಕೆ ಕಲಬುರಗಿಯಲ್ಲೇ ಕೂತು ಬೆಂಗಳೂರಿನ ಯಂತ್ರವನ್ನು ದುಡಿಸಬಹುದು. ಗ್ರಿಡ್ಡಿನ ಅರ್ಥವೇ ಅದು! ವಿಶ್ವವಿದ್ಯಾಲಯಗಳನ್ನು ಜೋಡಿಸಲೆಂದು ರಾಷ್ಟ್ರೀಯ ಜ್ಞಾನ ಜಾಲಕ್ಕೆ 2010ರಲ್ಲೇ ಮಂಜೂರಾತಿ ಸಿಕ್ಕಿತು. ತಂತಿ ಎಳೆಯಲು ದುಡ್ಡಿದೆ, ಕಲಿಸುವ ಮೇಷ್ಟ್ರಿಗೆ ಮಾತ್ರ ಇಲ್ಲ.

ಇನ್ನೊಂದು ಹಳೇ ರಾಗ: "ಇಂಗ್ಲಿಷ್ ಬಾರದವನಿಗೆ ಸೂಪರ್ ಕಂಪ್ಯೂಟರ್ ಯಾಕೆ?" ಯಂತ್ರಕ್ಕೆ ಇಂಗ್ಲಿಷ್ ಬರುತ್ತದೆಯೇ? ಅದಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು. ಆಜ್ಞೆಗಳು ಇಂಗ್ಲಿಷಿನಲ್ಲೇ ಇರಲಿ, ನಮ್ಮ ಹುಡುಗರು ವಾರದಲ್ಲಿ ಕಲಿಯುತ್ತಾರೆ. ಆದರೆ ಯಾವ ಲೆಕ್ಕವನ್ನು ಒಡೆಯಬಹುದು, ಯಾವುದನ್ನು ಒಡೆಯಬಾರದು, ಯಾಕೆ, ಎಂಬುದನ್ನು ತಲೆಗೆ ಇಳಿಸಬೇಕಾದ್ದು ತಾಯ್ನುಡಿ. ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದಾಗ ಕುವೆಂಪು ಕಾಲೇಜು ಪಾಠ ಕನ್ನಡದಲ್ಲಿ ಆಗಲಿ ಎಂದು ದುಡಿದರು. ಅವರು 1960ರಲ್ಲಿ ನಿವೃತ್ತರಾದರು. ಆಮೇಲೆ ಬಂದ ಸಾಹೇಬರುಗಳು ಅವರ ಫೋಟೋಗೆ ಹಾರ ಹಾಕಿದ್ದೇ ಹಾಕಿದ್ದು!

ಅತ್ತ ದೆಹಲಿಯ ನ್ಯಾಯ ನೋಡಿ. ವಿಜ್ಞಾನದ ಸಂಶೋಧನಾ ವೇತನಕ್ಕಾಗಿ ಬರೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಎರಡೇ ಭಾಷೆಯಲ್ಲಿ: ಹಿಂದಿ ಮತ್ತು ಇಂಗ್ಲಿಷ್. ಹಿಂದಿಯವನಿಗೆ ತಾಯ್ನುಡಿಯಲ್ಲಿ ವಿಜ್ಞಾನ ಅರ್ಥವಾಗುತ್ತದೆ, ಕನ್ನಡಿಗನಿಗೆ ಆಗುವುದಿಲ್ಲವೇ? ಅಮೆರಿಕ ಸೂಪರ್ ಕಂಪ್ಯೂಟರ್ ಕೊಡಲು ಸತಾಯಿಸಿದಾಗ ದೆಹಲಿ ಸ್ವಾಭಿಮಾನದ ಮಾತಾಡಿತು. 1988ರಲ್ಲಿ ಸಿ-ಡ್ಯಾಕ್ ಹುಟ್ಟಿತು, 1991ರಲ್ಲಿ ಪರಮ್ 8000 ಎದ್ದು ನಿಂತಿತು. ಶಭಾಷ್! ಅದೇ ಸ್ವಾಭಿಮಾನದ ಮಾತನ್ನು ಕನ್ನಡಿಗ ಆಡಿದರೆ ಸಂಕುಚಿತ ಬುದ್ಧಿಯೇ?

ಈಗ ನಿಮ್ಮ ಸರದಿ. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಓಡುವ ಕಾಲು ವಿಶ್ವವಿದ್ಯಾಲಯದ ಪ್ರಯೋಗಾಲಯದ ಕಡೆಗೂ ನಡೆಯಲಿ. ಸರೋಜಿನಿ ಮಹಿಷಿ ವರದಿ ಹಿಡಿದು ಉದ್ಯೋಗ ಕೇಳಿದೆವು, ಇನ್ನೂ ಕೇಳುತ್ತೇವೆ. ಆದರೆ ಉದ್ಯೋಗ ಹುಟ್ಟಿಸುವ ವಿದ್ಯೆಯನ್ನು ಕೇಳದಿದ್ದರೆ ನಮಗೆ ಉಳಿಯುವುದು ಆ ಯಂತ್ರದ ಕೋಣೆ ಕಾಯುವ ಕೆಲಸ ಮಾತ್ರ.

ನಮ್ಮ ಹಕ್ಕೊತ್ತಾಯಗಳು:

1. ಐದನೇ ತರಬೇತಿ ಕೇಂದ್ರ ಕರ್ನಾಟಕಕ್ಕೆ ಬರಲಿ. ಅದೂ ಬೆಂಗಳೂರಿಗಲ್ಲ, ಧಾರವಾಡಕ್ಕೋ ಕಲಬುರಗಿಗೋ.

2. ಈ ನೆಲದ ಯಂತ್ರಗಳ ಸಮಯದಲ್ಲಿ ಒಂದು ಪಾಲು ರಾಜ್ಯದ ವಿಶ್ವವಿದ್ಯಾಲಯಗಳ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಮೀಸಲಾಗಲಿ.

3. ಎಲ್ಲ ವಿಜ್ಞಾನ ಎಂ.ಎಸ್ಸಿ.ಗಳಲ್ಲಿ ಇದು ಒಂದು ಪತ್ರಿಕೆಯಾಗಲಿ. ವಿವರಣೆ, ಕೈಪಿಡಿ ಕನ್ನಡದಲ್ಲಿರಲಿ.

4. ನೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗಲಿ.

ಸರ್ಕಾರ ಕೊಡುವವರೆಗೆ ಕೈಕಟ್ಟಿ ಕೂರಬೇಡಿ. 1994ರಲ್ಲಿ ಅಮೆರಿಕದ ನಾಸಾದಲ್ಲಿ 16 ಸಾಮಾನ್ಯ ಕಂಪ್ಯೂಟರ್‌ಗಳನ್ನು ಜೋಡಿಸಿ ಒಂದು ದೊಡ್ಡ ಯಂತ್ರ ಮಾಡಿದರು, ಹೆಸರು ಬೇವುಲ್ಫ್. ನಿಮ್ಮ ಕಾಲೇಜಿನ ಮೂಲೆಯಲ್ಲಿ ಧೂಳು ತಿನ್ನುವ ನಾಲ್ಕು ಕಂಪ್ಯೂಟರ್ ಇಲ್ಲವೇ? ಲಿನಕ್ಸ್ ಪುಕ್ಕಟೆ. ಜೋಡಿಸಿ, ಕಲಿಯಿರಿ, ಕಿರಿಯರಿಗೆ ಕನ್ನಡದಲ್ಲಿ ಕಲಿಸಿ. ನಾಳೆಯೇ ವಿಭಾಗದ ಮುಖ್ಯಸ್ಥರ ಮುಂದೆ ನಿಂತು ಕೇಳಿ: "ಸಾರ್, ನಮ್ಮಲ್ಲಿ ಎಷ್ಟು ಜನ ಆ ಯಂತ್ರ ಮುಟ್ಟಿದ್ದಾರೆ?" ಉತ್ತರ ಬಾರದಿದ್ದರೆ ಹತ್ತು ಜನ ಸೇರಿ ಕೇಳಿ. ಆಗಲೂ ಬಾರದಿದ್ದರೆ ಉಪಕುಲಪತಿಗಳ ಬಾಗಿಲಲ್ಲಿ ಕೂತು ಕೇಳಿ. ನಾವೂ ಬರುತ್ತೇವೆ.

ಸಿರಿಗನ್ನಡಂ ಗೆಲ್ಗೆ!