ಅಮ್ಮನಿಗೆ 26 ವಾರ, ಅಪ್ಪನಿಗೆ ಎಷ್ಟು? ಹೆರಿಗೆ ರಜೆಯ ಅರ್ಧ ಲೆಕ್ಕ

'ಮದುವೆ ಆಗಿದೆಯಾ? ಮಕ್ಕಳು?' ಕೆಲಸದ ಸಂದರ್ಶನದಲ್ಲಿ ಈ ಪ್ರಶ್ನೆ ಗಂಡಸಿಗೆ ಬಂದರೆ ಅದು ಕುಶಲೋಪರಿ. ಇಪ್ಪತ್ತೆಂಟರ ಹೆಣ್ಣುಮಗಳಿಗೆ ಬಂದರೆ ಅದು ಲೆಕ್ಕಾಚಾರ. ಈಕೆಯನ್ನು ತೆಗೆದುಕೊಂಡರೆ ಯಾವಾಗ ಆರು ತಿಂಗಳ ರಜೆಯ ಸಂಬಳ ಕೊಡಬೇಕಾಗುತ್ತದೋ ಎಂಬ ಲೆಕ್ಕ. ಕೇಳಿದವರನ್ನು ಬೈದು ಸುಮ್ಮನಾಗಬಹುದು. ಆದರೆ ಆ ಲೆಕ್ಕವನ್ನು ಅವರ ಕೈಗೆ ಕೊಟ್ಟಿದ್ದು ನಮ್ಮ ಕಾನೂನೇ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ವೇತನಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಲಾಯಿತು. ಮೊದಲ ಎರಡು ಮಕ್ಕಳಿಗೆ 26 ವಾರ, ನಂತರದ ಮಗುವಿಗೆ 12. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಅವಧಿ ಉಳಿದಿದೆ. ಖಾಸಗಿ ನೌಕರರಿಗೆ ವೇತನಸಹಿತ ಹೆರಿಗೆ ರಜೆಯ ಫೆಡರಲ್ ಕಾನೂನೇ ಇಲ್ಲದ ಅಮೆರಿಕದ ಮುಂದೆ ಇದು ಉದಾರವೇ.

ಆದರೆ ಹಣ ಯಾರದು? ತಿಂಗಳಿಗೆ 21,000 ರೂಪಾಯಿವರೆಗಿನ ವೇತನದ, ಇಎಸ್‌ಐ ವ್ಯಾಪ್ತಿಯ ನೌಕರಳಿಗೆ ವಿಮಾ ನಿಧಿಯಿಂದ ಬರುತ್ತದೆ. ಮಾಲೀಕರು ವೇತನದ ಶೇ. 3.25, ನೌಕರರು ಶೇ. 0.75 ತುಂಬುವ ನಿಧಿ ಅದು. ಗಂಡು, ಹೆಣ್ಣು ಎನ್ನದೆ ಎಲ್ಲರ ಹೆಸರಲ್ಲೂ ದುಡ್ಡು ಕಟ್ಟುವುದರಿಂದ ಒಬ್ಬಾಕೆ ಬಸುರಿಯಾದಳೆಂದು ಮಾಲೀಕನ ಕಿಸೆಗೆ ರಜೆಯ ವೇತನದ ಹೊರೆ ಬೀಳುವುದಿಲ್ಲ. ಆ ಮಿತಿ ದಾಟಿದರೆ ಪೂರ್ತಿ ಹೊರೆ ಆಕೆಯ ಕಂಪನಿಯದ್ದೇ. ದೊಡ್ಡ ಕಂಪನಿ ತಡೆದುಕೊಂಡೀತು. ಹನ್ನೆರಡು ಜನರ ಕಚೇರಿಗೆ ಅದು ನಿಜಕ್ಕೂ ಭಾರ. ಹೆರಿಗೆ ರಕ್ಷಣೆ ಕುರಿತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಪ್ಪಂದ ಈ ಹೊರೆಯನ್ನು ಒಬ್ಬ ಮಾಲೀಕನ ಮೇಲೆ ಹಾಕಬಾರದು ಎನ್ನುತ್ತದೆ. ಹೆಚ್ಚುವರಿ ರಜೆಯಲ್ಲಿ ಏಳು ವಾರದ ವೇತನವನ್ನು ಕೆಲವು ಮಾಲೀಕರಿಗೆ ಮರಳಿಸುವ ಪ್ರಸ್ತಾವವನ್ನು ಕೇಂದ್ರ ಕಾರ್ಮಿಕ ಸಚಿವಾಲಯ 2018ರಲ್ಲಿ ಪ್ರಕಟಿಸಿತ್ತು. ಅದೂ 15,000 ರೂಪಾಯಿವರೆಗಿನ ವೇತನದವರ ಮಟ್ಟಿಗೆ ಮಾತ್ರ.

ಇನ್ನು ಅಪ್ಪ. ಕೇಂದ್ರ ಸರಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆಯಿದೆ, ಮಗು ಹುಟ್ಟಿದ ಆರು ತಿಂಗಳೊಳಗೆ ಮುಗಿಸಬೇಕು. ಖಾಸಗಿ ನೌಕರನಿಗೆ ಹೊಸ ಸಂಹಿತೆಯಲ್ಲೂ ಇಂಥ ಹಕ್ಕಿಲ್ಲ. ಕಂಪನಿ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಹಾರಾಷ್ಟ್ರದ ಸಂಸದ ರಾಜೀವ್ ಸಾತವ್ 2017ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಪಿತೃತ್ವ ಸೌಲಭ್ಯದ ಖಾಸಗಿ ಮಸೂದೆ ಕಾನೂನಾಗಲಿಲ್ಲ.

ಈ ಮೌನದ ಹಿಂದೆ ಒಂದು ನಂಬಿಕೆಯಿದೆ. ಬಾಣಂತನ ತವರುಮನೆಯ ಕೆಲಸ, ಅಳಿಯ ಬಂದು ತೊಟ್ಟಿಲು ನೋಡಿಕೊಂಡು ಹೋದರೆ ಸಾಕು ಎಂಬುದು. ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ತುಂಬಿದ ಮನೆಯಿದ್ದಾಗ ಅದು ನಡೆಯುತ್ತಿತ್ತು. ಡೊಂಬಿವಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಪುಣೆ, ಹೈದರಾಬಾದ್‌ಗಳ ಬಾಡಿಗೆ ಮನೆಗಳಲ್ಲಿ ಹಾಗಲ್ಲ. ಅಜ್ಜಿಯಾಗುವವರು ಅಂಟಿನುಂಡೆಯ ಡಬ್ಬಿ ಹಿಡಿದು ರೈಲು ಹತ್ತಿ ಬರುತ್ತಾರೆ, ನಿಜ. ಆದರೆ ಅವರೂ ಎಷ್ಟೋ ಮನೆಗಳಲ್ಲಿ ಶಾಲಾ ಶಿಕ್ಷಕಿ, ಬ್ಯಾಂಕ್ ನೌಕರಳು. ಬಾಣಂತನ ಮಾಡಲು ಬರುವ ಅಜ್ಜಿಗೆ ಯಾವ ಕಾನೂನೂ ರಜೆ ಕೊಟ್ಟಿಲ್ಲ. ಅವರು ಹೊರಟ ಮೇಲೆ ಸಿಸೇರಿಯನ್ ಹೊಲಿಗೆಯ ಬಾಣಂತಿ, ಕೂಸು, ಮತ್ತು ಮೂರನೇ ದಿನವೇ ಕಚೇರಿಗೆ ಮರಳಿದ್ದ ಅಪ್ಪ.

ಅಪ್ಪನ ರಜೆ ಎಂದರೆ ಗಂಡಸರಿಗೆ ಕೊಡುವ ಉಪಕಾರ ಎಂದೇ ಚರ್ಚೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಅದರ ಮೊದಲ ಲಾಭ ತಾಯಿಯ ನೌಕರಿಗೆ. ಮಗುವಾದರೆ ಗಂಡಸೂ ರಜೆ ಹಾಕಿಯೇ ಹಾಕುತ್ತಾನೆ ಎಂದಾದರೆ ಸಂದರ್ಶನದ ಆ ಲೆಕ್ಕದ ಕಸುವು ಕುಗ್ಗುತ್ತದೆ. ಇಬ್ಬರಿಗೂ ಸೇರಿ ಇಷ್ಟು ದಿನ, ಹೇಗಾದರೂ ಹಂಚಿಕೊಳ್ಳಿ ಎಂದರೆ ಸಾಲದು; ನಮ್ಮ ಮನೆಗಳಲ್ಲಿ ಅದು ಯಾರ ಪಾಲಾಗುತ್ತದೆಂದು ಹೇಳಬೇಕಿಲ್ಲ. ಸ್ವೀಡನ್ನಿನಲ್ಲಿ 480 ದಿನಗಳ ಪೈಕಿ ತಲಾ 90 ದಿನವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ. ಅಪ್ಪ ತೆಗೆದುಕೊಳ್ಳದಿದ್ದರೆ ಆ ದಿನಗಳು ವ್ಯರ್ಥ.

ನಾವು ಒಂದೇ ತಿಂಗಳಿನಿಂದ ಶುರು ಮಾಡಬಹುದು. ಹಣಕ್ಕೆ ಹೊಸ ಯಂತ್ರವೇನೂ ಬೇಡ. ಇಎಸ್‌ಐಯ 21,000 ರೂಪಾಯಿ ಮಿತಿಯನ್ನು ಹೆರಿಗೆ ವೇತನದ ಮಟ್ಟಿಗಾದರೂ ತೆಗೆದು, ವಂತಿಗೆಯನ್ನು ಅದಕ್ಕೆ ತಕ್ಕಂತೆ ವಿಸ್ತರಿಸಿ, ಅಪ್ಪನ ಆ ತಿಂಗಳ ಸಂಬಳವನ್ನೂ ಅದೇ ನಿಧಿಗೆ ಸೇರಿಸಬೇಕು. ಮನೆಗೆಲಸದವರು, ಕಟ್ಟಡ ಕಾರ್ಮಿಕರು ಆಗಲೂ ಹೊರಗೇ ಉಳಿಯುತ್ತಾರೆ. ಅವರಿಗೀಗ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವುದು 5,000 ರೂಪಾಯಿ.