ಮನೆಯ ಧ್ವನಿಮುದ್ರಣಕ್ಕೆ ತಂತ್ರಾಂಶದ ಆಯ್ಕೆ: ಒಂದು ವಿವೇಚನೆ

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಉತ್ಪತ್ತಿಯನ್ನು ನಿರೂಪಿಸುವಾಗ ಅದನ್ನೊಂದು ದ್ರವ್ಯವೆಂದು ಕರೆದು, ಅದಕ್ಕೆ ಬಿಳಿಯ ಬಣ್ಣವನ್ನೂ ಹೇಳಿದ್ದಾನೆ. ಕಿವಿಗೆ ಮಾತ್ರ ಗೋಚರವಾಗುವ ಶಬ್ದಕ್ಕೆ ಬಣ್ಣವೆಲ್ಲಿಂದ ಬಂತೆಂದು ತರಗತಿಯ ಹಿಂದಿನ ಸಾಲಿನ ಹುಡುಗರು ನಗುವುದುಂಟು. ಆದರೆ ಅದೇ ಹುಡುಗರು ಸಂಜೆ ಮನೆಯ ಕಂಪ್ಯೂಟರಿನ ಮುಂದೆ ಕುಳಿತು, ತಾವು ಹಾಡಿದ ದನಿ ಪರದೆಯ ಮೇಲೆ ಅಲೆಅಲೆಯಾಗಿ ಮೂಡುವುದನ್ನು ಕಣ್ಣಾರೆ ಕಾಣುತ್ತಾರೆ. ಬಟ್ಟೆಯನ್ನು ಕತ್ತರಿಸಿ ಹೊಲಿಯುವಂತೆ ಅದನ್ನು ಕತ್ತರಿಸಿ ಜೋಡಿಸುತ್ತಾರೆ. ಶಬ್ದವು ದ್ರವ್ಯವೆಂಬ ಪೂರ್ವಸೂರಿಗಳ ಮಾತಿಗೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ. ದ್ರವ್ಯವಾದ ಮೇಲೆ ಅದಕ್ಕೊಂದು ಪಾತ್ರೆ ಬೇಕು. ಆ ಪಾತ್ರೆಯೇ ಧ್ವನಿಮುದ್ರಣದ ತಂತ್ರಾಂಶ. ಯಾವ ಪಾತ್ರೆಯನ್ನು ಆರಿಸಬೇಕೆಂಬುದೇ ಪ್ರಕೃತ ವಿಚಾರ.

ಧ್ವನಿಮುದ್ರಣವೆಂದರೆ ಬೆಂಗಳೂರಿಗೋ ಮದರಾಸಿಗೋ ಹೋಗಬೇಕೆಂಬ ಕಾಲವೊಂದಿತ್ತು. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ, ಮನೆಯಿಂದಲೇ ನಾಡಿಗೆ ದನಿ ಮುಟ್ಟಿಸಬಹುದೆಂಬುದು ಒಂದು ಅದ್ಭುತವಾಗಿತ್ತು. ಆಮೇಲೆ ಕ್ಯಾಸೆಟ್ಟು ಬಂದು ಹಾಡನ್ನು ಹಳ್ಳಿಯ ಹೋಟೆಲುಗಳವರೆಗೆ ತಲುಪಿಸಿತು. ಇಂದು ಒಂದು ಸಾಧಾರಣ ಕಂಪ್ಯೂಟರು, ಒಂದು ಮೈಕ್ರೊಫೋನು, ಒಂದು ತಂತ್ರಾಂಶ ಇಷ್ಟಿದ್ದರೆ ಮಧುಗಿರಿಯ ಕಲ್ಲುಮನೆಯ ಕೋಣೆಯೇ ಧ್ವನಿಮುದ್ರಣ ಮಂದಿರವಾಗಬಲ್ಲುದು. ಈ ಸೌಲಭ್ಯವು ಬಂದಿರುವುದು ತಕ್ಕ ಕಾಲದಲ್ಲಿ. ಅಥವಾ ತಕ್ಕ ಕಾಲ ಮೀರುವುದಕ್ಕೆ ತುಸು ಮುಂಚೆ.

ಏಕೆಂದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಮಳೆಯಲ್ಲಿ ಬಡವಾದರೂ ಹಾಡಿನಲ್ಲಿ ಬಡವಲ್ಲ. ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯವಿದೆ; ಅದರೊಡನೆ ನುಡಿಯುವ ಗಣೆಯೆಂಬ ಉದ್ದನೆಯ ಬಿದಿರಿನ ವಾದ್ಯವಿದೆ. ಮದುವೆಯ ಮನೆಗಳಲ್ಲಿ ಸೋಬಾನೆಯಿದೆ, ಭಜನೆಯ ಮನೆಗಳಲ್ಲಿ ತತ್ತ್ವಪದವಿದೆ, ಮೂಡಲಪಾಯದ ಭಾಗವತರ ಮಟ್ಟುಗಳಿವೆ. ಮೂರು ದಿಕ್ಕಿನಲ್ಲಿ ಆಂಧ್ರವನ್ನು ತಗುಲಿ ನಿಂತ ಪಾವಗಡದಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಕಂಠದಲ್ಲಿ ಹರಿಯುತ್ತವೆ. ಇವನ್ನು ಬಲ್ಲವರು ಬಹುಮಟ್ಟಿಗೆ ವೃದ್ಧರು. ನೆರೆಯ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಗ್ರಂಥವಾಗಿಸಿದ್ದರಿಂದ ಆ ಪದಗಳು ಉಳಿದವು. ಆದರೆ ಅಕ್ಷರವು ಪದವನ್ನು ಉಳಿಸುತ್ತದೆಯೇ ಹೊರತು, ಆ ಪದವು ಕಂಠದಲ್ಲಿ ಪಡೆಯುವ ಏರಿಳಿತವನ್ನು ಉಳಿಸಲಾರದು. ಆ ಕೆಲಸವನ್ನು ಮಾಡಬಲ್ಲ ಸಾಧನವು ಇಂದು ಊರೂರಿನ ಮನೆಗಳಲ್ಲಿದೆ. ಆದ್ದರಿಂದ ತಂತ್ರಾಂಶದ ಆಯ್ಕೆಯು ಹುಡುಗರ ಹವ್ಯಾಸದ ಮಾತಾಗಿ ಉಳಿದಿಲ್ಲ; ಶಾಲೆಗಳೂ ಪೋಷಕರೂ ಮನಸ್ಸಿಟ್ಟು ಆಲೋಚಿಸಬೇಕಾದ ವಿಷಯವಾಗಿದೆ.

ತಂತ್ರಾಂಶವು ಮಾಡುವ ಕೆಲಸ ತತ್ತ್ವತಃ ಸರಳ. ಮೈಕ್ರೊಫೋನಿನಿಂದ ಬಂದ ಧ್ವನಿತರಂಗದ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಆ ಅಳತೆಗಳನ್ನು ಅಂಕಿಗಳಾಗಿ ಬರೆದಿಡಲಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಧ್ವನಿಬಿಲ್ಲೆಗೆ ಈ ಸಂಖ್ಯೆ ಸೆಕೆಂಡಿಗೆ 44,100. ಮನುಷ್ಯನ ಕಿವಿಗೆ ಕೇಳುವ ಮೇಲಿನ ಎಲ್ಲೆ ಸೆಕೆಂಡಿಗೆ ಸುಮಾರು 20,000 ಕಂಪನಗಳಾದ್ದರಿಂದ, ಅದರ ಎರಡು ಪಟ್ಟಿಗೂ ತುಸು ಮಿಕ್ಕಿ ಅಳೆದರೆ ಯಾವ ಸ್ವರವೂ ಕಳೆಯದೆಂಬುದು ಇದರ ಯುಕ್ತಿ. ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಹಳೆಯ ಮುದ್ರಣಗಳನ್ನು ಅಂಕಿಗೆ ಇಳಿಸುವಾಗ ಕನಿಷ್ಠ 48,000 ಅಳತೆ, 24 ಬಿಟ್‌ ಸೂಕ್ಷ್ಮತೆಯಿರಲಿ ಎನ್ನುತ್ತದೆ. ಇಲ್ಲಿ ಪ್ರಸ್ತಾಪಿಸುವ ಎಲ್ಲ ತಂತ್ರಾಂಶಗಳೂ, ಬೆಲೆಯುಳ್ಳವು ಬೆಲೆಯಿಲ್ಲದವು ಎಂಬ ಭೇದವಿಲ್ಲದೆ, ಈ ಅಳತೆಯನ್ನು ಮುಟ್ಟುತ್ತವೆ. ಹೆಚ್ಚು ಹಣ ಕೊಟ್ಟರೆ ದನಿ ಹೆಚ್ಚು ಶುದ್ಧವಾಗುತ್ತದೆಂಬ ಭಾವನೆ ಬಹುಜನರಲ್ಲಿ ಬೇರೂರಿದೆ. ಅದು ಭ್ರಾಂತಿ. ಅಂಕಿ ಎಲ್ಲಿ ಬರೆದರೂ ಅಂಕಿಯೇ.

ಹಾಗಾದರೆ ಭೇದವಿರುವುದೆಲ್ಲಿ? ಇದನ್ನು ಮೂರು ಒರೆಗಲ್ಲುಗಳ ಮೇಲೆ ಪರೀಕ್ಷಿಸಬಹುದು.

ಮೊದಲನೆಯದು ಹಾಡಿನ ಸ್ವಭಾವ. ಅನೇಕ ತಂತ್ರಾಂಶಗಳು ತೆರೆದೊಡನೆ ನಿಮಿಷಕ್ಕೆ 120 ಪೆಟ್ಟುಗಳ, ನಾಲ್ಕು ನಾಲ್ಕು ಮಾತ್ರೆಗಳ ಒಂದು ಚೌಕಟ್ಟನ್ನು ಮುಂದಿಡುತ್ತವೆ. ನಾಲ್ಕು ಮಾತ್ರೆಯ ರಗಳೆಯಂಥ ನಡೆಗೆ ಇದು ಒಗ್ಗೀತು. ಭಾಮಿನಿಯ ಮೂರು-ನಾಲ್ಕರ ನಡೆಗೂ ವಾರ್ಧಕದ ಐದರ ನಡೆಗೂ ಚೌಕಟ್ಟನ್ನು ಬದಲಿಸಿಕೊಳ್ಳಬೇಕು. ಆದರೆ ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗೆ ಯಾವ ಚೌಕಟ್ಟೂ ಸಾಲದು. ತ್ರಿಪದಿಯು ಅಂಶಗಣದ ಛಂದಸ್ಸು. ಅದರ ಗಣಗಳು ಮಾತ್ರೆಯ ಲೆಕ್ಕಕ್ಕೆ ಕಟ್ಟುಬಿದ್ದವಲ್ಲ, ಹಾಡುವವಳ ಉಸಿರಿಗೆ ಕಟ್ಟುಬಿದ್ದವು. ಕಲ್ಲು ಹಗುರಾದಾಗ ಪದ ಓಡುತ್ತದೆ, ತೋಳು ಸೋತಾಗ ಪದ ಎಳೆಯುತ್ತದೆ. ಎಪ್ಪತ್ತು ದಾಟಿದ ಅಜ್ಜಿಯ ಕಿವಿಗೆ ಯಂತ್ರದ ಟಕ್‌ ಟಕ್‌ ಪೆಟ್ಟನ್ನು ಕೊಟ್ಟು ಇದಕ್ಕೆ ಸರಿಯಾಗಿ ಹಾಡೆಂದರೆ, ಆಕೆ ಹಾಡುವುದು ತ್ರಿಪದಿಯಾಗಿರುವುದಿಲ್ಲ. ಯಂತ್ರಕ್ಕೆ ಕೊಟ್ಟ ಕಪ್ಪವಾಗಿರುತ್ತದೆ.

ಸ್ವರದ ಮಾತೂ ಹೀಗೆಯೇ. 1997ರಲ್ಲಿ ಆಂಟಾರೆಸ್ ಸಂಸ್ಥೆಯಿಂದ ಹೊರಬಂದ ಆಟೋಟ್ಯೂನ್ ಎಂಬ ಸಾಧನವು ಹಾಡುಗಾರನ ತಪ್ಪು ಸ್ವರವನ್ನು ಎಳೆದು ಸರಿಯಾದ ಸ್ಥಾನಕ್ಕೆ ಕೂರಿಸುತ್ತದೆ. ಇದನ್ನು ನಿರ್ಮಿಸಿದ ಆಂಡಿ ಹಿಲ್ಡೆಬ್ರಾಂಡ್ ಎಂಬಾತ ಮೊದಲು ತೈಲನಿಕ್ಷೇಪಗಳನ್ನು ಹುಡುಕಲು ಭೂತರಂಗಗಳನ್ನು ವಿಶ್ಲೇಷಿಸುತ್ತಿದ್ದವನೆಂಬುದು ಸ್ವಾರಸ್ಯದ ಸಂಗತಿ. ಆದರೆ ‘ಸರಿಯಾದ ಸ್ಥಾನ’ವೆಂದು ಆ ಯಂತ್ರವು ಸಾಮಾನ್ಯವಾಗಿ ತಿಳಿದಿರುವುದು ಪಾಶ್ಚಾತ್ಯ ಪದ್ಧತಿಯ ಹನ್ನೆರಡು ಸಮಭಾಗಗಳನ್ನು. ಭರತನು ಇಪ್ಪತ್ತೆರಡು ಶ್ರುತಿಗಳನ್ನು ಎಣಿಸಿದ ನಾಡಿನಲ್ಲಿ, ಸ್ವರದಿಂದ ಸ್ವರಕ್ಕೆ ಜಾರುವ ಗಮಕವೇ ಜೀವಾಳವಾದ ಸಂಗೀತದಲ್ಲಿ, ಈ ತಿದ್ದುಪಡಿಯು ಹಲವು ಬಾರಿ ಸರಿಯನ್ನೇ ತಪ್ಪೆಂದು ಭಾವಿಸುತ್ತದೆ. ಆದಕಾರಣ ಚೌಕಟ್ಟನ್ನು ಆರಿಸಿಟ್ಟು, ತಿದ್ದುವ ಸಾಧನವನ್ನು ದೂರವಿಟ್ಟು, ಇದ್ದ ದನಿಯನ್ನು ಇದ್ದಂತೆ ಹಿಡಿಯಲು ಅವಕಾಶ ಕೊಡುವ ತಂತ್ರಾಂಶವೇ ಸಂಗ್ರಹಕ್ಕೆ ಯೋಗ್ಯ.

ಎರಡನೆಯ ಒರೆಗಲ್ಲು ಬಾಳಿಕೆ. ಇದನ್ನು ಕನ್ನಡದ ಅಧ್ಯಾಪಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಯೂನಿಕೋಡು ಬಳಕೆಗೆ ಬರುವ ಮುನ್ನ ಹಳೆಯ ನುಡಿ, ಬರಹ ಅಕ್ಷರಮಾದರಿಗಳಲ್ಲಿ ಬೆರಳಚ್ಚಿಸಿಟ್ಟ ಪ್ರಶ್ನಪತ್ರಿಕೆಯನ್ನೋ ಲೇಖನವನ್ನೋ ಬೇರೊಂದು ಕಂಪ್ಯೂಟರಿನಲ್ಲಿ ತೆರೆದಾಗ, ಅಚ್ಚಗನ್ನಡವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಂಡ ಅನುಭವ ಯಾವ ಶಾಲೆಯಲ್ಲಿಲ್ಲ? ಧ್ವನಿಗೂ ಅದೇ ಅಪಾಯವಿದೆ. ಪ್ರತಿಯೊಂದು ತಂತ್ರಾಂಶವೂ ತನ್ನ ಕೆಲಸವನ್ನು ತನ್ನದೇ ಕಡತದಲ್ಲಿ ಕಟ್ಟಿಡುತ್ತದೆ; ಆ ಕಡತವನ್ನು ಬೇರೊಂದು ತಂತ್ರಾಂಶ ಸಾಮಾನ್ಯವಾಗಿ ಓದಲಾರದು. ಅನೇಕರು ನಂಬಿ ಬಳಸುತ್ತಿದ್ದ ಕೇಕ್‌ವಾಕ್ ತಂತ್ರಾಂಶದ ತಯಾರಿಕೆಯನ್ನು ಅದರ ಒಡೆತನವಿದ್ದ ಗಿಬ್ಸನ್ ಸಂಸ್ಥೆಯು 2017ರ ನವೆಂಬರಿನಲ್ಲಿ ನಿಲ್ಲಿಸಿತು. 2018ರಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಸಂಸ್ಥೆಯು ಅದನ್ನು ಕೊಂಡು ಜೀವ ಕೊಟ್ಟಿತೆಂಬುದು ಬಳಕೆದಾರರ ಪುಣ್ಯ. ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಆ ಪುಣ್ಯವಿರುತ್ತದೆಂದು ನಂಬುವಂತಿಲ್ಲ.

ಆದುದರಿಂದ ತಂತ್ರಾಂಶ ಯಾವುದೇ ಇರಲಿ, ಮುಗಿದ ಹಾಡನ್ನು ವೇವ್ ಅಥವಾ ಫ್ಲಾಕ್ ಎಂಬ ಸರ್ವಗ್ರಾಹ್ಯ ರೂಪದಲ್ಲಿ ಪ್ರತ್ಯೇಕವಾಗಿ ತೆಗೆದಿಡುವುದು ಮುರಿಯಬಾರದ ನಿಯಮವಾಗಬೇಕು. ವೇವ್ 1991ರಿಂದಲೂ, ಫ್ಲಾಕ್ 2001ರಿಂದಲೂ ಬಳಕೆಯಲ್ಲಿವೆ. ಎಂಪಿ3 ಹಂಚಲು ಹಗುರ. ಆದರೆ ಅದು ದನಿಯ ಒಂದಂಶವನ್ನು ಕಳೆದೇ ಹಗುರಾಗುವುದರಿಂದ ಮೂಲಪ್ರತಿಯಾಗಲು ತಕ್ಕುದಲ್ಲ. ಜಾಗದ ಚಿಂತೆಗೂ ಕಾರಣವಿಲ್ಲ. ಮೇಲೆ ಹೇಳಿದ 48,000 ಅಳತೆ, 24 ಬಿಟ್‌ ಪ್ರಮಾಣದಲ್ಲಿ ಒಂದು ಕಂಠದ ಒಂದು ಗಂಟೆಯ ಹಾಡು ಸುಮಾರು 518 ಮೆಗಾಬೈಟು. ಒಂದು ಟೆರಾಬೈಟಿನ ಸಂಗ್ರಹಪೆಟ್ಟಿಗೆಯಲ್ಲಿ 1,900 ಗಂಟೆಗಳ ಹಾಡು ಹಿಡಿಯುತ್ತದೆ. ಒಂದು ತಾಲ್ಲೂಕಿನ ಕಂಠಗಳೆಲ್ಲ ಒಂದು ಅಂಗೈಯಲ್ಲಿ ನಿಂತಂತೆ.

ಮೂರನೆಯ ಒರೆಗಲ್ಲು ನ್ಯಾಯ. ಬೆಲೆಯುಳ್ಳ ತಂತ್ರಾಂಶದ ಕದ್ದ ಪ್ರತಿಯನ್ನು ಕಂಪ್ಯೂಟರಿಗೆ ಹಾಕಿಸಿಕೊಳ್ಳುವುದು ಕಳವೆಂಬ ಅರಿವೇ ಇಲ್ಲದಷ್ಟು ಸಾಮಾನ್ಯವಾಗಿಬಿಟ್ಟಿದೆ. ಪಕ್ಕದ ಹೊಲದ ಶೇಂಗಾ ಗಿಡವೊಂದನ್ನು ಕಿತ್ತರೆ ನಾಚುವ ಮನೆಯಲ್ಲಿಯೇ ಈ ಕಳವಿಗೆ ನಾಚಿಕೆಯಿಲ್ಲ. ತತ್ತ್ವಪದವನ್ನು ಕದ್ದ ಪಾತ್ರೆಯಲ್ಲಿ ತುಂಬಿಡುವುದು ಯಾವ ಬಗೆಯ ಸಂಸ್ಕೃತಿರಕ್ಷಣೆ? ನ್ಯಾಯವಾಗಿ ದೊರೆಯುವ ಮಾರ್ಗಗಳು ಬೇಕಾದಷ್ಟಿರುವಾಗ ಈ ದಾರಿಯ ಆವಶ್ಯಕತೆಯೂ ಇಲ್ಲ.

ಈ ಮೂರು ಒರೆಗಲ್ಲುಗಳಿಗೂ ನಿಲ್ಲುವವು ಕೆಲವಿವೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಲೋಕಕ್ಕೆ ಬಂದ ಆಡಾಸಿಟಿ ಮುಕ್ತ ತಂತ್ರಾಂಶ. ಬೆಲೆಯಿಲ್ಲ, ಕಲಿಯಲು ಹೆಚ್ಚು ದಿನ ಬೇಡ, ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಶಾಲೆಯ ಪ್ರಾರ್ಥನೆ, ವಚನಗಾಯನ, ಅಜ್ಜಿಯ ಪದ, ಗಣೆಯ ನಾದ ಇವುಗಳ ಮುದ್ರಣಕ್ಕೆ ಇದು ಸಾಕು. ಹಾಡು, ಹಾರ್ಮೋನಿಯಂ, ತಬಲಗಳನ್ನು ಬೇರೆ ಬೇರೆ ಮುದ್ರಿಸಿ ಹೊಂದಿಸಬೇಕಾದಲ್ಲಿ, ಪಾಲ್ ಡೇವಿಸ್ ಎಂಬಾತನು ಆರಂಭಿಸಿದ ಆರ್ಡರ್ ಎಂಬ ಮುಕ್ತ ತಂತ್ರಾಂಶವಿದೆ. ಕಾಕೋಸ್ ಸಂಸ್ಥೆಯ ರೀಪರ್ ಮುಕ್ತವಲ್ಲದಿದ್ದರೂ 60 ದಿನಗಳ ಪೂರ್ಣ ಪರೀಕ್ಷೆಗೆ ದೊರೆಯುತ್ತದೆ. ವ್ಯಕ್ತಿಗಳಿಗೂ ವಿದ್ಯಾಸಂಸ್ಥೆಗಳಿಗೂ ಅದರ ರಿಯಾಯಿತಿ ಬೆಲೆ 60 ಡಾಲರು.

ಇದಕ್ಕೆ ಪ್ರತಿಯಾಗಿ ತರುಣರು ಹೇಳುವ ಮಾತನ್ನು ತಳ್ಳಿಹಾಕುವುದು ಸಲ್ಲದು. ಚಿತ್ರರಂಗದ ಧ್ವನಿಮುದ್ರಣ ಮಂದಿರಗಳಲ್ಲಿ ನಡೆಯುವುದು 1991ರಲ್ಲಿ ಬಂದ ಪ್ರೊ ಟೂಲ್ಸ್, 1989ರಲ್ಲಿ ಬಂದ ಕ್ಯೂಬೇಸ್, ಆಪಲ್ ಯಂತ್ರಗಳ ಲಾಜಿಕ್ ಮುಂತಾದವು. ಜೀವನೋಪಾಯಕ್ಕೆ ಅವನ್ನೇ ಕಲಿಯಬೇಕು ಎಂಬುದು ಅವರ ವಾದ. ಕೀಲಿಮಣೆಯಿಂದ ಹೊಸ ರಾಗಸಂಯೋಜನೆ ಮಾಡುವವನಿಗೆ ಆಡಾಸಿಟಿ ಸಾಲದೆಂಬುದೂ ದಿಟ. ಇಲ್ಲಿ ಉದ್ದೇಶಭೇದವನ್ನು ಗುರುತಿಸಬೇಕು. ಸಂಗ್ರಹ ಬೇರೆ, ಸೃಷ್ಟಿ ಬೇರೆ. ಹೊಸತನ್ನು ಸೃಷ್ಟಿಸುವವನು ತನ್ನ ಕೈಗೆ ಒಗ್ಗುವ ಉಪಕರಣವನ್ನು ಬೆಲೆ ತೆತ್ತು ಕೊಳ್ಳಲಿ. ಚೌಕಟ್ಟೂ ತಿದ್ದುಪಡಿಯೂ ಅವನ ಸ್ವಾತಂತ್ರ್ಯಕ್ಕೆ ಸೇರಿದವು. ಸಂಗ್ರಾಹಕನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಪರರ ಸೊತ್ತಿನ ಕಾವಲುಗಾರ. ಹಸ್ತಪ್ರತಿಯನ್ನು ಶೋಧಿಸುವ ಪಂಡಿತನು ತನಗೆ ರುಚಿಸದ ಪಾಠವನ್ನು ಅಳಿಸದೆ ಅಡಿಟಿಪ್ಪಣಿಯಲ್ಲಿ ಉಳಿಸುವಂತೆ, ಅಜ್ಜಿಯ ಕೆಮ್ಮನ್ನೂ ಮೂಲಪ್ರತಿಯಲ್ಲಿ ಉಳಿಸಬೇಕಾದವನು. ಇನ್ನು ಕಲಿಕೆಯ ಮಾತು: ಒಂದರಲ್ಲಿ ಕಿವಿ ಪಳಗಿದವನು ಮತ್ತೊಂದನ್ನು ಕೆಲವೇ ವಾರಗಳಲ್ಲಿ ಹಿಡಿಯಬಲ್ಲ. ಪಳಗಬೇಕಾದುದು ಕಿವಿ, ಬೆರಳಲ್ಲ.

ತಂತ್ರಾಂಶವು ಮಾಡಲಾರದ ಕೆಲಸಗಳೂ ಇವೆ. ಕಲ್ಲುಮನೆಯ ಬರಿಯ ಗೋಡೆ ದನಿಯನ್ನು ಮರಳಿ ಎಸೆಯುತ್ತದೆ. ನಾಲ್ಕು ಕಂಬಳಿಗಳನ್ನು ಹಗ್ಗಕ್ಕೆ ಹಾಕಿದರೆ ಅದು ತಣಿಯುತ್ತದೆ. ಕುರಿಯ ಉಣ್ಣೆಯ ಕಂಬಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಫ್ಯಾನನ್ನೂ ಹೊರಗಿನ ಪಂಪುಸೆಟ್ಟನ್ನೂ ನಿಲ್ಲಿಸದೆ ಮುದ್ರಿಸಿದರೆ ಯಾವ ತಂತ್ರಾಂಶವೂ ಅದನ್ನು ಪೂರ್ತಿಯಾಗಿ ತೊಳೆಯಲಾರದು. ತಿರುಮಣಿಯ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೌರಸ್ಥಾವರವನ್ನು ಕಂಡ ಪಾವಗಡದಲ್ಲಿಯೂ ಮನೆಯ ತಂತಿಯಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದೇ. ಭೂಸಂಪರ್ಕ ಸರಿಯಿಲ್ಲದ ಮನೆಯಲ್ಲಿ ಅದು ಮೈಕ್ರೊಫೋನಿನೊಳಗೆ ಗುಂಯ್‌ಗುಡುತ್ತದೆ. ಅಂಥಲ್ಲಿ ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸುವುದು ಸುಲಭೋಪಾಯ. ತಂತ್ರಾಂಶದಲ್ಲಿ ಉಳಿದ ಹಣವು ಒಳ್ಳೆಯ ಮೈಕ್ರೊಫೋನಿಗೆ ಸಲ್ಲಲಿ.

ಪೋಷಕರೂ ಹಿರಿಯ ವಿದ್ಯಾರ್ಥಿಗಳೂ ಶಾಲೆಗೆ ಏನನ್ನಾದರೂ ಕೊಡಬಯಸಿದಾಗ ಕಟ್ಟಡದ ಕಲ್ಲಿನ ಮೇಲೆ ಹೆಸರು ಮೂಡುವಂಥ ಕೊಡುಗೆಯತ್ತ ಮನಸ್ಸು ಹರಿಯುವುದು ಸಹಜ, ಕಟ್ಟಡವೂ ಬೇಕು. ಆದರೆ ಅದಕ್ಕಿಂತ ಎಷ್ಟೋ ಕಡಿಮೆ ವೆಚ್ಚದಲ್ಲಿ, ತಾಲ್ಲೂಕಿಗೊಂದು ಶಾಲೆಯಲ್ಲಿ ಒಂದು ಕಂಪ್ಯೂಟರು, ಒಂದು ಮೈಕ್ರೊಫೋನು, ಎರಡು ಸಂಗ್ರಹಪೆಟ್ಟಿಗೆಗಳನ್ನು ಇರಿಸಬಹುದು. ಪೆಟ್ಟಿಗೆ ಎರಡೇಕೆಂದರೆ ಒಂದು ಊರಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರಲೆಂದು. ಪ್ರತಿ ಹಾಡಿನೊಡನೆ ಹಾಡಿದವರ ಹೆಸರು, ಊರು, ದಿನಾಂಕ, ಅವರ ಒಪ್ಪಿಗೆ ಬರೆದಿರಬೇಕು. ಹಾಡಿದವರಿಗೆ ಬರಿಗೈಯಲ್ಲಿ ನಮಸ್ಕಾರ ಹೇಳಿ ಕಳಿಸದೆ ಒಂದು ದಿನದ ಕೂಲಿಯನ್ನಾದರೂ ಗೌರವದಿಂದ ಸಲ್ಲಿಸಬೇಕು, ಹಾಡುವುದೂ ದುಡಿಮೆಯೇ.

ಉತ್ತಮ ತಂತ್ರಾಂಶ ಯಾವುದೆಂದು ಕೇಳುವವರಿಗೆ ಉತ್ತರವಿಷ್ಟೇ: ನ್ಯಾಯವಾಗಿ ಕೈಗೆ ಬಂದದ್ದು, ಹಾಡನ್ನು ತಿದ್ದದೆ ಹಿಡಿಯುವಂಥದು, ತಾನು ಅಳಿದರೂ ಹಾಡನ್ನು ಉಳಿಸುವಂಥದು. ಅದು ಇಂದೇ, ಬೆಲೆಯಿಲ್ಲದೆ, ದೊರೆಯುತ್ತದೆ. ದೊರೆಯದಿರುವುದು ಕಾಲ. ತಂತ್ರಾಂಶದ ಹೊಸ ಆವೃತ್ತಿ ಬರುವ ವರ್ಷವೂ ಬರುತ್ತದೆ. ಹಟ್ಟಿಯ ಅಜ್ಜಿಗೆ ಎರಡನೆಯ ಆವೃತ್ತಿಯಿಲ್ಲ. ಈ ಬೇಸಿಗೆಯ ರಜೆಯಲ್ಲಿಯೇ ಮಕ್ಕಳು ಆಕೆಯ ಮುಂದೆ ಮೈಕ್ರೊಫೋನನ್ನಿಟ್ಟು ಕೂರುವಂತಾಗಲಿ.