ನಾಯಿಯ ಕೂದಲು ಹೇಳುವುದೆಷ್ಟು?

ನಾಗಪುರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಓಣಿಯಲ್ಲಿ ಕಳೆದ ಮಳೆಗಾಲದಲ್ಲಿ ಬಾಲಕನೊಬ್ಬನಿಗೆ ನಾಯಿ ಕಚ್ಚಿತು. ಕಪ್ಪು ನಾಯಿ ಎಂದಷ್ಟೇ ಅವನು ಹೇಳಿದ. ಓಣಿಯ ಕರಿಯ ಹೆಣ್ಣುನಾಯಿಯನ್ನು ಒಯ್ಯಬೇಕೆಂಬ ಅರ್ಜಿಗೆ ಸಹಿ ಹಾಕಿದವರಲ್ಲಿ ನಾವೂ ಇದ್ದೆವು. ಒಯ್ದರು, ಅದು ಮರಳಲಿಲ್ಲ. ಎದುರಿನ ಬಂಗಲೆಯಲ್ಲಿಯೂ ಕಪ್ಪು ನಾಯಿಯೊಂದಿರುವುದು ಸಹಿ ಹಾಕುವಾಗ ನಮಗೆ ಗೊತ್ತಿತ್ತು. ಅದಕ್ಕೆ ಕೊರಳಪಟ್ಟಿ ಇತ್ತು, ಯಜಮಾನರಿದ್ದರು.

ಬಾಲಕನ ಕಾಲುಚೀಲಕ್ಕೆ ನಾಲ್ಕಾರು ಕೂದಲು ಅಂಟಿದ್ದವು. ಅವು ಏನನ್ನಾದರೂ ಹೇಳಬಹುದಾಗಿತ್ತೆ? ತಾನಾಗಿ ಉದುರಿದ ಕೂದಲಿನಲ್ಲಿ ಕೋಶಕೇಂದ್ರದ ಡಿಎನ್‌ಎ ಪರೀಕ್ಷೆಗೆ ಸಾಲುವಷ್ಟು ಸಿಗುವುದು ಕಷ್ಟ. ಮೈಟೊಕಾಂಡ್ರಿಯದ ಡಿಎನ್‌ಎ ಹಾಗಲ್ಲ. ಒಂದೊಂದು ಕೋಶದಲ್ಲಿಯೂ ಅದರ ನೂರಾರು ಪ್ರತಿಗಳಿರುವುದರಿಂದ ಒಣಗಿದ ಕೂದಲಿನಲ್ಲಿಯೂ ಉಳಿದಿರುತ್ತದೆ. 2002ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಕೊಲೆ ಮೊಕದ್ದಮೆಯೊಂದರಲ್ಲಿ ಇಂಥ ನಾಯಿಕೂದಲು ಸಾಕ್ಷ್ಯವಾಗಿ ನ್ಯಾಯಾಲಯಕ್ಕೆ ಬಂದಿತ್ತು.

ಆದರೆ ಈ ಸಾಕ್ಷಿ ಹೆಸರನ್ನು ಹೇಳುವುದಿಲ್ಲ, ಬಳಿಯನ್ನು ಹೇಳುತ್ತದೆ. ಕರಾವಳಿಯ ಅಳಿಯಕಟ್ಟಿನ ಕುಟುಂಬಗಳಲ್ಲಿ ಬಳಿಯು ತಾಯಿಯಿಂದ ಬರುವಂತೆ ಈ ಡಿಎನ್‌ಎ ಕೂಡ ತಾಯಿಯಿಂದಲೇ ಬರುತ್ತದೆ. ತಾಯಿ, ಮರಿಗಳು, ಹೆಣ್ಣುಮರಿಯ ಮರಿಗಳು ಎಲ್ಲಕ್ಕೂ ಒಂದೇ. ಜಗತ್ತಿನ ಬಹುಪಾಲು ನಾಯಿಗಳು ಎ, ಬಿ, ಸಿ ಎಂಬ ಮೂರೇ ದೊಡ್ಡ ಬಳಿಗಳಿಗೆ ಸೇರಿವೆ. ತಳಿಗೂ ಬಳಿಗೂ ನೇರ ನಂಟಿಲ್ಲ. ಕೂದಲು ಮುಧೋಳದ ನಾಯಿಯದೋ ಬೀದಿನಾಯಿಯದೋ ಎಂದು ಈ ಪರೀಕ್ಷೆಯಿಂದ ಹೇಳಲಾಗದು. ನಮ್ಮ ಓಣಿಯ ಏಳು ನಾಯಿಗಳಲ್ಲಿ ಐದು ಆ ಕರಿಯಳ ಮಕ್ಕಳು. ಕೂದಲು ಆಕೆಯ ಬಳಿಗೆ ಹೊಂದಿದ್ದರೆ ಆರೋಪಿಗಳು ಆರು ಆಗುತ್ತಿದ್ದರು. ಹೊಂದದಿದ್ದರೆ ಆ ಕೂದಲು ಆಕೆಯದಲ್ಲವೆಂಬುದಾದರೂ ತಿಳಿಯುತ್ತಿತ್ತು. ದೋಷಿಯನ್ನು ಹಿಡಿಯುವುದಕ್ಕಿಂತ ನಿರ್ದೋಷಿಯನ್ನು ಬಿಡಿಸುವುದಕ್ಕೆ ಈ ವಿದ್ಯೆ ಹೆಚ್ಚು ಸಲ್ಲುತ್ತದೆಂಬುದು ನಮ್ಮ ಅಭಿಪ್ರಾಯ.

ಇಂಥದೇ ನಾಯಿ ಎನ್ನಲು ಜೊಲ್ಲಿನಿಂದ ಕೋಶಕೇಂದ್ರದ ಡಿಎನ್‌ಎ ದೊರೆಯಬೇಕು. ಗಾಯವನ್ನಂತೂ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆಯಲೇಬೇಕು. ರೇಬಿಸ್ ಎದುರಿಗೆ ಸಾಕ್ಷ್ಯದ ಮಾತಿಲ್ಲ. ಬಟ್ಟೆಯನ್ನು ಮಾತ್ರ ಒಗೆಯದೆ, ನೆರಳಿನಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿಡಬಹುದು. ಆ ಕಾಲುಚೀಲವನ್ನು ಅಂದು ಸಂಜೆಯೇ ಒಗೆದಿದ್ದರು. ಬೇಡವೆನ್ನಲು ನಮಗೂ ಹೊಳೆಯಲಿಲ್ಲ.

ಬೀದಿನಾಯಿಗಳ ವಿಷಯದಲ್ಲಿ ಈ ಊರು ಬಹಳ ಕಾದಾಡಿದೆ. ಅನ್ನ ಹಾಕುವವರು ಅವುಗಳನ್ನು ದತ್ತು ಪಡೆಯಲಿ ಎಂದು 2022ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿತು. ಮರುತಿಂಗಳು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಎರಡೂ ಪಕ್ಷದವರ ಮಾತಿನಲ್ಲಿ ‘ನಾಯಿ’ ಎಂಬುದು ಒಂದು ಜಾತಿಯೇ ಹೊರತು ಈ ನಾಯಿ, ಆ ನಾಯಿ ಎಂಬುದಿಲ್ಲ.

ಒಂದು ಬಳಿ ಒಂದು ಬಡಾವಣೆಯಲ್ಲಿ ಎಷ್ಟು ಸಾಮಾನ್ಯವೆಂದು ತಿಳಿಯದೆ ಹೊಂದಿಕೆಗೆ ಬೆಲೆ ಕಟ್ಟಲಾಗದು. 2023ರ ಸಂತಾನ ನಿಯಂತ್ರಣ ನಿಯಮಗಳಂತೆ ನಾಯಿಗಳನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಹಿಡಿದಲ್ಲಿಯೇ ಬಿಡಬೇಕು. ಮೇಜಿನ ಮೇಲೆ ಮಲಗಿಸಿದಾಗ ಒಂದು ಹನಿ ರಕ್ತವನ್ನು ಕಾಗದಕ್ಕೆ ತಾಗಿಸಿ, ಓಣಿಯ ಹೆಸರು ಬರೆದಿಡುವುದು ಹೆಚ್ಚಿನ ಕೆಲಸವೇನಲ್ಲ.